ವಿಶ್ವಕ್ಕಿಂತ ನಕ್ಷತ್ರಕ್ಕೇ ವಯಸ್ಸು ಜಾಸ್ತಿಯೇ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿದ. ‘ಮೆಥೂಸೆಲಾ’ ಅನ್ನುವ ನಕ್ಷತ್ರದ ವಯಸ್ಸು 1450 ಕೋಟಿ ವರ್ಷ, ವಿಶ್ವದ ವಯಸ್ಸು 1380 ಕೋಟಿ ವರ್ಷ, ಆದ್ದರಿಂದ ಮಹಾಸ್ಫೋಟದ ಸಿದ್ಧಾಂತವೇ ಸುಳ್ಳು ಎಂದು ಅದರಲ್ಲಿ ಹೇಳಿದ್ದಾರೆ. ಅದೇ ಜಗತ್ತಿನ ಮೊದಲ ನಕ್ಷತ್ರವಂತೆ, ಅದರಲ್ಲಿ ಲೋಹವೇ ಇಲ್ಲವಂತೆ. ‘ನಕ್ಷತ್ರದಲ್ಲಿ ಲೋಹ ಎಲ್ಲಿಂದ ಬರುತ್ತೆ ಮಿಸ್?’ ಎಂದು ಮಕ್ಕಳು ಕೇಳಿದಾಗ ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಮೊದಲ ನಕ್ಷತ್ರಗಳು ಹೇಗೆ ಹುಟ್ಟಿದವು? ಅವುಗಳಲ್ಲಿ ಒಂದಾದರೂ ಇವತ್ತು ಉಳಿದಿದೆಯಾ? ಈ ಮೆಥೂಸೆಲಾವನ್ನು ಮಕ್ಕಳಿಗೆ ತೋರಿಸಬಹುದಾ? ನಮ್ಮ ಶಾಲೆಗೆ ಒಬ್ಬರು ದೂರದರ್ಶಕ ಕೊಡಿಸುತ್ತೇನೆ ಎಂದಿದ್ದಾರೆ, ಎಂಥದ್ದು ಕೇಳಲಿ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ಈ ನಕ್ಷತ್ರ ವಿಶ್ವಕ್ಕಿಂತ ಹಳೆಯದೇ ಅನ್ನುವುದು. ಇನ್ನೊಂದು, ಇದು ಮೊದಲ ನಕ್ಷತ್ರವೇ ಅನ್ನುವುದು. ಎರಡಕ್ಕೂ ಉತ್ತರ ‘ಅಲ್ಲ’. ಆದರೆ ಕಾರಣಗಳು ಬೇರೆ ಬೇರೆ. ಆ ಕಾರಣಗಳೇ ನಿಮ್ಮ ಮಕ್ಕಳಿಗೆ ಬೇಕಾಗಿರುವುದು.

ಮೊದಲು ವಯಸ್ಸು. ವಿಡಿಯೊದಲ್ಲಿ ಬಂದ 1450 ಕೋಟಿ ಯಾರೋ ಸುಮ್ನೆ ಕಟ್ಟಿದ ಸಂಖ್ಯೆಯಲ್ಲ. ಈ ನಕ್ಷತ್ರದ ಪಟ್ಟಿಯ ಹೆಸರು ಎಚ್‌ಡಿ 140283. ಹಬಲ್ ದೂರದರ್ಶಕದಿಂದ ಇದರ ದೂರವನ್ನು ಅಳೆದು, 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಯಸ್ಸು 1446 ಕೋಟಿ ವರ್ಷ ಎಂದೇ ಇದೆ. ಅದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆಯೂ ಇದೆ: 80 ಕೋಟಿ ವರ್ಷ ಹೆಚ್ಚು ಅಥವಾ ಕಡಿಮೆ. ವಿಡಿಯೊ ಮಾಡಿದವರು ಬಿಟ್ಟಿರುವುದು ಇದನ್ನೇ. 1446ರಿಂದ 80 ಕಳೆದರೆ 1366 ಕೋಟಿ. ವಿಶ್ವದ 1380 ಕೋಟಿ ಈ ಅಂತರದ ಒಳಗೇ ಬಂತು. ಅಂದರೆ ಆ ಪ್ರಬಂಧ ಬಂದ ದಿನವೂ ನಕ್ಷತ್ರಕ್ಕೂ ವಿಶ್ವಕ್ಕೂ ನಿಜವಾದ ಜಗಳ ಇರಲಿಲ್ಲ.

ಆಮೇಲೆ ಆ ಸಂಖ್ಯೆ ಹಾಗೇ ನಿಲ್ಲಲೂ ಇಲ್ಲ. 2000ದ ಸುಮಾರಿಗೆ ಇದೇ ನಕ್ಷತ್ರಕ್ಕೆ 1600 ಕೋಟಿ ಎನ್ನುತ್ತಿದ್ದರು. 2021ರಲ್ಲಿ ಬಂದ ಹೊಸ ಲೆಕ್ಕ ಅದನ್ನು ಸುಮಾರು 1200 ಕೋಟಿಗೆ (50 ಕೋಟಿ ಹೆಚ್ಚು ಅಥವಾ ಕಡಿಮೆ) ಇಳಿಸಿತು. ಇಷ್ಟು ಏರುಪೇರು ಯಾಕೆ? ನಕ್ಷತ್ರದ ವಯಸ್ಸನ್ನು ಯಾವ ಉಪಕರಣವೂ ನೇರವಾಗಿ ಅಳೆಯುವುದಿಲ್ಲ. ನಾವು ಅಳೆಯುವುದು ಮೂರನ್ನು: ಎಷ್ಟು ದೂರ ಇದೆ, ಎಷ್ಟು ಬೆಳಕು ಕೊಡುತ್ತಿದೆ, ಮೈಯಲ್ಲಿ ಯಾವ ಯಾವ ಧಾತು ಎಷ್ಟಿದೆ. ಇವನ್ನು ಕಂಪ್ಯೂಟರ್‌ನ ಮಾದರಿ ನಕ್ಷತ್ರಕ್ಕೆ ಕೊಟ್ಟು, ‘ಇಂಥ ನಕ್ಷತ್ರ ಈ ಸ್ಥಿತಿಗೆ ಬರಲು ಎಷ್ಟು ವರ್ಷ ಬೇಕು’ ಎಂದು ಕೇಳುತ್ತೇವೆ. ಎಚ್‌ಡಿ 140283 ತನ್ನ ಗರ್ಭದ ಹೈಡ್ರೋಜನ್ ಮುಗಿಸಿ ಈಗಷ್ಟೇ ಉಬ್ಬಲು ಶುರುಮಾಡಿದೆ. ಈ ಹಂತದಲ್ಲಿ ಬೆಳಕಿಗೂ ವಯಸ್ಸಿಗೂ ತುಂಬ ಹತ್ತಿರದ ನಂಟು. ಹಾಗಾಗಿ ವಯಸ್ಸು ಹೇಳಲು ಇದು ಒಳ್ಳೆಯ ನಕ್ಷತ್ರ. ಅದೇ ಕಾರಣಕ್ಕೆ ದೂರದಲ್ಲಿ ಸ್ವಲ್ಪ ತಪ್ಪಿದರೂ ವಯಸ್ಸು ಹತ್ತಾರು ಕೋಟಿ ವರ್ಷ ಅತ್ತಿತ್ತ ಆಗುತ್ತದೆ. ಆಮ್ಲಜನಕ ಎಷ್ಟಿದೆ ಎಂದು ಅಂದಾಜಿಸುವುದೂ ಹಾಗೆಯೇ. ಆಮ್ಲಜನಕ ಜಾಸ್ತಿ ಎಂದು ಹಿಡಿದರೆ ನಕ್ಷತ್ರ ಚಿಕ್ಕ ವಯಸ್ಸಿನದಾಗಿ ಕಾಣುತ್ತದೆ. ಈ ಕೆಲಸ ಮಾಡುವ ಯಾರೂ ವಯಸ್ಸಿನ ಒಂಟಿ ಸಂಖ್ಯೆಯನ್ನು ನಂಬುವುದಿಲ್ಲ. ಅದರ ಪಕ್ಕದ ‘ಹೆಚ್ಚು-ಕಡಿಮೆ’ಯನ್ನೇ ಮೊದಲು ನೋಡುತ್ತೇವೆ.

ಇನ್ನು ‘ಲೋಹವೇ ಇಲ್ಲ’ ಅನ್ನುವ ಮಾತು. ಖಗೋಳದವರ ಒಂದು ರೂಢಿಯಿಂದ ಈ ಗೊಂದಲ. ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದೆಲ್ಲ ಧಾತುಗಳನ್ನೂ ನಾವು ಲೋಹ ಅನ್ನುತ್ತೇವೆ. ಕಬ್ಬಿಣವೂ ಲೋಹ, ಇಂಗಾಲವೂ ಲೋಹ, ನೀವು ಉಸಿರಾಡುವ ಆಮ್ಲಜನಕವೂ ಲೋಹ! ರಸಾಯನಶಾಸ್ತ್ರದ ಪಾಠದ ಜೊತೆ ಇದನ್ನು ಬೆರೆಸಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹೀಗೆ ಒಟ್ಟುಗೂಡಿಸಲು ಕಾರಣ ಇದೆ. ಮಹಾಸ್ಫೋಟದ ಮೊದಲ ಕೆಲವು ನಿಮಿಷಗಳಲ್ಲಿ ಆದದ್ದು ಹೈಡ್ರೋಜನ್, ಹೀಲಿಯಂ, ಎಲ್ಲೋ ಚೂರು ಲಿಥಿಯಂ ಅಷ್ಟೇ. ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಉಳಿದ ಕಾಲು ಪಾಲು ಹೆಚ್ಚುಕಡಿಮೆ ಹೀಲಿಯಂ. ಮಿಕ್ಕ ಧಾತುಗಳು ಬಹುಪಾಲು ನಕ್ಷತ್ರಗಳ ಒಳಗೆ, ಇಲ್ಲವೇ ಅವು ಸಿಡಿಯುವಾಗ, ಒಂದಕ್ಕೊಂದು ಬಡಿದಾಗ ಆದವು. ಸೂರ್ಯನ ತೂಕದಲ್ಲಿ ಈ ‘ಲೋಹ’ಗಳ ಪಾಲು ಶೇಕಡ ಸುಮಾರು ಒಂದೂವರೆ. ಅಷ್ಟಾದರೂ ಕೂಡಿಬರಲು ಎಷ್ಟೋ ತಲೆಮಾರಿನ ನಕ್ಷತ್ರಗಳು ಸಾಯಬೇಕಾಯಿತು.

ಹಾಗಾಗಿ ಲೋಹ ಕಡಿಮೆ ಇದ್ದಷ್ಟೂ ಆ ನಕ್ಷತ್ರ ಹಿಂದಿನ ತಲೆಮಾರಿನದು ಎಂದು ಸಾಮಾನ್ಯವಾಗಿ ಹೇಳಬಹುದು. ಸಾಮಾನ್ಯವಾಗಿ ಮಾತ್ರ. ಯಾವುದೋ ಮೂಲೆಯ ಪುಟ್ಟ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ನಿಧಾನವಾಗಿ ಹುಟ್ಟಿದರೆ ಅಲ್ಲಿ ಲೋಹ ಕೂಡುವುದೂ ನಿಧಾನ. ಲೋಹ ಕಡಿಮೆ ಅಂದ ಮಾತ್ರಕ್ಕೆ ಅದೇ ಎಲ್ಲಕ್ಕಿಂತ ಹಳೆಯದು ಎಂದಾಗುವುದಿಲ್ಲ.

ಈಗ ಮೆಥೂಸೆಲಾ ‘ಮೊದಲ ನಕ್ಷತ್ರ’ ಯಾಕಲ್ಲ ಎಂದು ನೋಡಿ. ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು 250ರಲ್ಲಿ ಒಂದು ಪಾಲು ಇದೆ. ಕಡಿಮೆಯೇ, ಆದರೆ ಇದೆ ಅಲ್ವಾ? ಆ ಕಬ್ಬಿಣ ಬರಬೇಕಾದರೆ ಅದಕ್ಕೂ ಮುಂಚೆ ಬೇರೆ ನಕ್ಷತ್ರಗಳು ಹುಟ್ಟಿ, ಉರಿದು, ಸಿಡಿದಿರಬೇಕು. ವಯಸ್ಸಿನ ಜಗಳಕ್ಕೆ ಹೋಗುವ ಅಗತ್ಯವೇ ಇಲ್ಲ. ಕಬ್ಬಿಣ ಒಂದೇ ಸಾಕು, ಅದು ಮೊದಲನೆಯದಲ್ಲ ಎಂದು ಹೇಳಲು.

ಈ ನಕ್ಷತ್ರಕ್ಕೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಜಾಗ ಇದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೆ ಅದರದ್ದೇ ಗೆರೆಗಳು. ಗೆರೆ ತೆಳುವಾಗಿದ್ದರೆ ಆ ಧಾತು ಕಡಿಮೆ ಎಂದು ಯಾರಿಗಾದರೂ ಅನಿಸುತ್ತದೆ. ಅದು ಯಾವಾಗಲೂ ನಿಜವಲ್ಲ. 1920ರಲ್ಲಿ ನಮ್ಮ ಭೌತವಿಜ್ಞಾನಿ ಮೇಘನಾದ ಸಹಾ ತೋರಿಸಿದ್ದು ಇದನ್ನೇ: ಶಾಖ ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ, ಆಗ ಧಾತು ಅಲ್ಲೇ ಇದ್ದರೂ ಅದರ ಗೆರೆ ಮಾಯವಾಗಬಹುದು. ಸಹಾ ಅವರ ಸಮೀಕರಣವನ್ನೇ ಬಳಸಿ 1925ರಲ್ಲಿ ಖಗೋಳವಿಜ್ಞಾನಿ ಸಿಸಿಲಿಯಾ ಪೇನ್ ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಜಾಸ್ತಿ ಎಂದು ಕಂಡುಕೊಂಡರು. ಎಚ್‌ಡಿ 140283ರ ಲೋಹದ ಗೆರೆಗಳು ತೀರ ತೆಳು. ಇದು ಬಿಸಿ ಜಾತಿಯ ನಕ್ಷತ್ರ, ಅದಕ್ಕೇ ಹೀಗೆ ಎಂದು ಬಹಳ ಕಾಲ ತಿಳಿದಿದ್ದರು. 1951ರಲ್ಲಿ ಚೇಂಬರ್ಲೇನ್ ಮತ್ತು ಆಲರ್ ಎಂಬ ಇಬ್ಬರು ಇದನ್ನೂ ಇಂಥದ್ದೇ ಇನ್ನೊಂದು ನಕ್ಷತ್ರವನ್ನೂ ಸರಿಯಾಗಿ ಲೆಕ್ಕ ಹಾಕಿ, ಶಾಖದ ಕಾರಣವಲ್ಲ, ಇವುಗಳಲ್ಲಿ ನಿಜಕ್ಕೂ ಲೋಹ ಕಡಿಮೆ ಎಂದು ತೋರಿಸಿದರು. ಎಲ್ಲ ನಕ್ಷತ್ರಗಳೂ ಒಂದೇ ಸಾಮಗ್ರಿಯವು ಎಂಬ ನಂಬಿಕೆ ಅಲ್ಲಿಗೆ ಬಿದ್ದಿತು. ನಿಮ್ಮ ಹುಡುಗ ವಿಡಿಯೊದಲ್ಲಿ ನೋಡಿದ್ದು ಇದೇ ನಕ್ಷತ್ರವನ್ನು. ಮಹಾಸ್ಫೋಟವನ್ನು ಕೆಡವಿತು ಎಂದು ವಿಡಿಯೊ ಹೇಳಿದ ಈ ನಕ್ಷತ್ರವೇ, ಧಾತುಗಳು ನಿಧಾನವಾಗಿ ಕೂಡುತ್ತ ಬಂದವು ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಒಂದು.

ಹಾಗಾದರೆ ನಿಜವಾದ ಮೊದಲ ನಕ್ಷತ್ರಗಳು? ಮಹಾಸ್ಫೋಟ ಆಗಿ ಸುಮಾರು 3 ಲಕ್ಷ 80 ಸಾವಿರ ವರ್ಷಕ್ಕೆ ವಿಶ್ವ ತಣಿದು ಪರಮಾಣುಗಳು ಆದವು. ಆಮೇಲೆ ಕೋಟ್ಯಂತರ ವರ್ಷ ಒಂದು ನಕ್ಷತ್ರವೂ ಇಲ್ಲದ ಕತ್ತಲು. ಅಷ್ಟರಲ್ಲಿ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಅಲ್ಲಲ್ಲಿ ಗುಡ್ಡೆಯಾಗುತ್ತ, ತನ್ನ ಗುರುತ್ವದಿಂದ ಅನಿಲವನ್ನು ಎಳೆದುಕೊಳ್ಳುತ್ತ ಇತ್ತು. ಒಂದೊಂದು ಗುಡ್ಡೆಯ ತೂಕ ಕೆಲವು ಲಕ್ಷ ಸೂರ್ಯರಷ್ಟು. ಮಹಾಸ್ಫೋಟದ ನಂತರ 10ರಿಂದ 20 ಕೋಟಿ ವರ್ಷಗಳ ಹೊತ್ತಿಗೆ ಇಂಥ ಗುಡ್ಡೆಗಳ ನಡುವೆ ಮೊದಲ ನಕ್ಷತ್ರಗಳು ಹೊತ್ತಿಕೊಂಡವು ಎಂಬುದು ನಮ್ಮ ಈಗಿನ ತಿಳಿವಳಿಕೆ.

ಇಲ್ಲಿ ನಿಜವಾದ ಸಮಸ್ಯೆ ತಣಿಯುವುದು. ಅನಿಲ ಒಳಗೆ ಕುಸಿದಂತೆ ಬಿಸಿಯಾಗುತ್ತದೆ, ಬಿಸಿಯಾದರೆ ಹೊರಗೆ ಒತ್ತುತ್ತದೆ. ಆ ಶಾಖವನ್ನು ಬೆಳಕಾಗಿ ಹೊರಗೆ ಕಳಿಸದಿದ್ದರೆ ಕುಸಿತ ಅಲ್ಲಿಗೇ ನಿಲ್ಲುತ್ತದೆ. ಇವತ್ತಿನ ಮೋಡಗಳಲ್ಲಿ ಈ ಕೆಲಸಕ್ಕೆ ಇಂಗಾಲ, ಆಮ್ಲಜನಕ, ಧೂಳು ಇವೆ. ಅವು ಮೋಡವನ್ನು ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿಸುತ್ತವೆ. ಅಷ್ಟು ತಣ್ಣಗಾದ ಮೋಡ ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಸೂರ್ಯನಂಥ, ಸೂರ್ಯನಿಗಿಂತ ಚಿಕ್ಕ ನಕ್ಷತ್ರಗಳನ್ನು ಕೊಡುತ್ತದೆ. ಮೊದಲ ನಕ್ಷತ್ರಗಳ ಕಾಲದಲ್ಲಿ ಇಂಗಾಲವೂ ಇಲ್ಲ, ಧೂಳೂ ಇಲ್ಲ. ಇದ್ದ ಒಂದೇ ಆಸರೆ, ಎರಡು ಹೈಡ್ರೋಜನ್ ಪರಮಾಣು ಸೇರಿ ಆಗುವ ಅಣು. ಅದು ಆಗುವುದೂ ಕಷ್ಟ. ಪರಮಾಣು ಮೊದಲು ಒಂದು ಬಿಡಿ ಎಲೆಕ್ಟ್ರಾನನ್ನು ಹಿಡಿಯಬೇಕು, ಆಮೇಲೆ ಇನ್ನೊಂದು ಪರಮಾಣುವನ್ನು ಕೂಡಬೇಕು. ಹೀಗೆ ಅಲ್ಪಸ್ವಲ್ಪ ಆದ ಅಣುಗಳು ಮೋಡವನ್ನು ಸೊನ್ನೆಗಿಂತ 70 ಡಿಗ್ರಿಯಷ್ಟು ಕೆಳಗೆ ತಂದು ಸೋತುಹೋಗುತ್ತಿದ್ದವು. ಅಷ್ಟು ಬೆಚ್ಚಗಿನ ಅನಿಲ ಸುಲಭಕ್ಕೆ ಸಣ್ಣ ತುಂಡುಗಳಾಗುವುದಿಲ್ಲ. ಸೂರ್ಯನ ನೂರಾರು, ಸಾವಿರ ಪಟ್ಟು ತೂಕದ ಮುದ್ದೆಯೇ ಒಟ್ಟಿಗೆ ಕುಸಿಯುತ್ತದೆ. ನಡುವಿನ ಎಳೆ ನಕ್ಷತ್ರದ ಮೇಲೆ ಅನಿಲ ಇಂದಿನದಕ್ಕಿಂತ ಹತ್ತಾರು ಪಟ್ಟು ವೇಗವಾಗಿ ಬೀಳುತ್ತದೆ.

ಅದಕ್ಕೇ ಮೊದಲ ನಕ್ಷತ್ರಗಳು ದೊಡ್ಡವು, ಸೂರ್ಯನ ಹತ್ತಾರು ಪಟ್ಟಿನಿಂದ ನೂರಾರು ಪಟ್ಟು ತೂಕದವು ಎಂದು ಹೇಳುವುದು. ದೊಡ್ಡ ನಕ್ಷತ್ರ ತನ್ನ ಇಂಧನವನ್ನು ದುಂದುಮಾಡುತ್ತದೆ. ನೂರು ಸೂರ್ಯರಷ್ಟು ತೂಕದ್ದು ಸುಮಾರು 30 ಲಕ್ಷ ವರ್ಷಕ್ಕೇ ಮುಗಿದುಹೋಗುತ್ತದೆ. ಇವತ್ತಿನವರೆಗೆ ಬದುಕಿರಬೇಕಾದರೆ ನಕ್ಷತ್ರದ ತೂಕ ಸೂರ್ಯನ ಸುಮಾರು 0.8 ಪಾಲಿಗಿಂತ ಕಡಿಮೆ ಇರಬೇಕು.

ಹಾಗಾದರೆ ಮೊದಲ ತಲೆಮಾರಿನಲ್ಲಿ ಚಿಕ್ಕವು ಹುಟ್ಟಲೇ ಇಲ್ಲವೇ? ಇಲ್ಲಿ ನಾನು ಖಚಿತವಾಗಿ ಬಾಗಿಲು ಮುಚ್ಚುವುದಿಲ್ಲ. ಈಚಿನ ಕಂಪ್ಯೂಟರ್ ಲೆಕ್ಕಗಳಲ್ಲಿ ದೊಡ್ಡ ನಕ್ಷತ್ರದ ಸುತ್ತ ತಿರುಗುವ ಅನಿಲದ ತಟ್ಟೆ ಒಡೆದು ಸಣ್ಣ ತುಂಡುಗಳೂ ಆಗುತ್ತವೆ. ಅಂಥ ಒಂದೆರಡು ಹೊರಗೆ ಚಿಮ್ಮಿ ಉಳಿದಿದ್ದರೆ ಅವು ನಮ್ಮ ಕ್ಷೀರಪಥದಲ್ಲೇ ಎಲ್ಲೋ ಇರಬಹುದು. ಇಲ್ಲಿಯವರೆಗೆ ಲೋಹ ಪೂರ್ತಿ ಸೊನ್ನೆ ಇರುವ ನಕ್ಷತ್ರ ಒಂದೂ ಸಿಕ್ಕಿಲ್ಲ. ಲಕ್ಷಗಟ್ಟಲೆ ನಕ್ಷತ್ರಗಳ ಬೆಳಕನ್ನು ಜಾಲಾಡಿದ ಮೇಲೂ ಸಿಕ್ಕಿಲ್ಲ ಅಂದರೆ ಇದ್ದರೂ ತೀರ ಅಪರೂಪ ಎಂದೇ ಅರ್ಥ.

ಸಿಕ್ಕಿರುವುದು ಅವುಗಳ ಮಕ್ಕಳು. 2002ರಲ್ಲಿ ಪ್ರಕಟವಾದ ಎಚ್‌ಇ 0107-5240 ಎಂಬ ನಕ್ಷತ್ರದಲ್ಲಿ ಕಬ್ಬಿಣ ಸೂರ್ಯನ 2 ಲಕ್ಷದಲ್ಲಿ ಒಂದು ಪಾಲು. ಇದನ್ನು ಮಕ್ಕಳಿಗೆ ಹೀಗೆ ಹೇಳಿ: ಮನೆ ಮೇಲಿನ ಸಾವಿರ ಲೀಟರ್ ನೀರಿನ ಟ್ಯಾಂಕಿಗೆ ಒಂದೂಕಾಲು ಕಿಲೋ ಉಪ್ಪು ಹಾಕಿದರೆ ಅದು ಸೂರ್ಯನಲ್ಲಿರುವ ಕಬ್ಬಿಣದ ಪ್ರಮಾಣ. ಅದೇ ಟ್ಯಾಂಕಿಗೆ ಕಲ್ಲುಪ್ಪಿನ ಒಂದು ಸಣ್ಣ ಹರಳು ಹಾಕಿದರೆ ಅದು ಈ ನಕ್ಷತ್ರದ್ದು. 2014ರಲ್ಲಿ ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ದೂರದರ್ಶಕದ ಸಮೀಕ್ಷೆಯಿಂದ ಕಬ್ಬಿಣದಲ್ಲಿ ಇನ್ನೂ ಬಡವಾದ ನಕ್ಷತ್ರ ಸಿಕ್ಕಿತು. ಅದರ ಬೆಳಕಿನಲ್ಲಿ ಇಂಗಾಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕಂಡವು. ಕಬ್ಬಿಣದ ಗೆರೆ ಎಷ್ಟು ಹುಡುಕಿದರೂ ಕಾಣಲಿಲ್ಲ. ಇದ್ದರೂ ಸೂರ್ಯನ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು ಆಗ ಲೆಕ್ಕ ಹಾಕಿದರು. ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಸುಮಾರು 60 ಸೂರ್ಯರಷ್ಟು ತೂಕದ ಒಂದು ಮೊದಲ ನಕ್ಷತ್ರ ಸತ್ತಾಗ ಸ್ಫೋಟದ ರಭಸ ಸಾಲದೆ ಹೋಯಿತು. ಹೊರ ಪದರದ ಇಂಗಾಲ ಹೊರಗೆ ಚೆಲ್ಲಿತು. ಒಳಗಿನ ಕಬ್ಬಿಣ ಮಾತ್ರ ಹಿಂದಕ್ಕೆ ಬಿದ್ದು ಕಪ್ಪುಕುಳಿಯೊಳಗೆ ಹೋಯಿತು. ಆ ಒಂದೇ ಸಾವಿನ ಕುರುಹು ಸಾವಿರಾರು ಕೋಟಿ ಕಿಲೋಮೀಟರ್‌ಗಳಿಗೂ ಎಷ್ಟೋ ಪಟ್ಟು ಆಚೆ ಇರುವ ಈ ಸಣ್ಣ ನಕ್ಷತ್ರದ ಮೈಮೇಲೆ ಇವತ್ತಿಗೂ ಉಳಿದಿದೆ. ಅದನ್ನು ನಾವು ಓದಿದ್ದೇವೆ!

ಆದರೆ ಇಂಗಾಲ ಜಾಸ್ತಿ ಕಂಡಾಗಲೆಲ್ಲ ‘ಮೊದಲ ನಕ್ಷತ್ರದ ಮಗು’ ಎಂದು ಹಿಗ್ಗುವಂತಿಲ್ಲ. ಪಕ್ಕದಲ್ಲಿ ಜೊತೆಗಾರ ನಕ್ಷತ್ರ ಇದ್ದು, ಅದು ಮುಪ್ಪಿನಲ್ಲಿ ತನ್ನ ಇಂಗಾಲವನ್ನು ಇದರ ಮೇಲೆ ಸುರಿದಿರಬಹುದು. ನಮ್ಮ ಕೆಲಸದಲ್ಲಿ ಇಂಥ ನಕ್ಷತ್ರದ ರೋಹಿತ (ಬಣ್ಣಗಳಾಗಿ ಬಿಡಿಸಿದ ಬೆಳಕು) ಕೈಗೆ ಬಂದರೆ ಮೊದಲು ಹುಡುಕುವುದು ಬೇರಿಯಂ ಗೆರೆಯನ್ನು. ಬೇರಿಯಂ ಕೂಡ ಜಾಸ್ತಿ ಇದ್ದರೆ ಅದು ಜೊತೆಗಾರನ ಕೊಡುಗೆ ಎಂಬ ಅನುಮಾನ ಬಲವಾಗುತ್ತದೆ. ಇಂಥ ನಕ್ಷತ್ರಗಳ ಮೇಲೆ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲೂ ಕೆಲಸ ನಡೆಯುತ್ತಿದೆ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಲ್ಲಿ ಕೂತೇ ನಡೆಸುತ್ತಾರೆ.

ಮೊದಲ ನಕ್ಷತ್ರಗಳನ್ನು ತಿಳಿಯಲು ಬೇರೆ ದಾರಿ ಇಲ್ಲವೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇದೆ. ಒಂದು, ತುಂಬ ದೂರ ನೋಡುವುದು. ದೂರದಿಂದ ಬೆಳಕು ಬರಲು ಕಾಲ ಬೇಕು, ಹಾಗಾಗಿ ದೂರ ನೋಡಿದಷ್ಟೂ ಹಳೆಯ ಕಾಲ ಕಾಣುತ್ತದೆ. ಜೇಮ್ಸ್ ವೆಬ್ ದೂರದರ್ಶಕ ಮಹಾಸ್ಫೋಟದ ಸುಮಾರು 30 ಕೋಟಿ ವರ್ಷದ ನಂತರದ ಗ್ಯಾಲಕ್ಸಿಗಳನ್ನು ಕಂಡಿದೆ. ಅವುಗಳಲ್ಲೊಂದರಲ್ಲಿ ಆಗಲೇ ಆಮ್ಲಜನಕ ಇತ್ತು ಎಂದು 2025ರಲ್ಲಿ ಗೊತ್ತಾಯಿತು. ಅಂದರೆ ಅಷ್ಟು ಹೊತ್ತಿಗೇ ಒಂದು ತಲೆಮಾರು ಮುಗಿದಿತ್ತು. ಈ ದಾರಿಯ ತೊಂದರೆ ಏನೆಂದರೆ, ಅಷ್ಟು ದೂರದಲ್ಲಿ ಕಾಣುವುದು ಇಡೀ ಗ್ಯಾಲಕ್ಸಿಯ ಒಟ್ಟು ಬೆಳಕು. ಒಂಟಿ ನಕ್ಷತ್ರ ಕಾಣುವುದು ತೀರ ಅಪರೂಪ.

ಇನ್ನೊಂದು ದಾರಿ ರೇಡಿಯೊ. ಇದು ನಮ್ಮ ಊರಿನ ಕಥೆಯೂ ಹೌದು. ಮೊದಲ ನಕ್ಷತ್ರಗಳ ಬೆಳಕು ಬಿದ್ದಾಗ ಸುತ್ತಲಿನ ಹೈಡ್ರೋಜನ್ ಬಿಟ್ಟಿರಬೇಕಾದ ಮಸುಕು ಗುರುತು ಈಗ ಎಫ್‌ಎಂ ರೇಡಿಯೊದ ಆಸುಪಾಸಿನ ತರಂಗಾಂತರಕ್ಕೆ ಹಿಗ್ಗಿದೆ. 2018ರಲ್ಲಿ ಆಸ್ಟ್ರೇಲಿಯಾದ ‘ಎಡ್ಜಸ್’ ಪ್ರಯೋಗದವರು 78 ಮೆಗಾಹರ್ಟ್ಸ್ ಬಳಿ ಅದು ಸಿಕ್ಕಿತು ಎಂದರು. ಜಗತ್ತೆಲ್ಲ ಸುದ್ದಿಯಾಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ‘ಸಾರಸ್ 3’ ಎಂಬ ಆಂಟೆನಾವನ್ನು 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು ಅಳತೆ ಮಾಡಿದರು. ನೆಲದ ಮೇಲೆ ಇಟ್ಟರೆ ಕೆಳಗಿನ ಮಣ್ಣು, ಕಲ್ಲು, ತೇವ ಒಂದೊಂದು ಕಡೆ ಒಂದೊಂದು ಥರ ಇದ್ದು ಅಳತೆ ಕೆಡುತ್ತದೆ. ನೀರು ಎಲ್ಲ ಕಡೆ ಒಂದೇ ಥರ. 2022ರಲ್ಲಿ ಅವರ ಉತ್ತರ ಬಂತು: ಎಡ್ಜಸ್ ಹೇಳಿದ ಆಕಾರದ ಗುರುತು ನಮಗೆ ಕಾಣುತ್ತಿಲ್ಲ. ಆ ಗುರುತು ಆಕಾಶದ್ದಲ್ಲ, ಉಪಕರಣದ ಅಡ್ಡಪರಿಣಾಮ ಇರಬಹುದು ಎಂದು ಈಗ ಹಲವರು ಒಪ್ಪುತ್ತಾರೆ. ವಿಡಿಯೊ ನೋಡಿ ಗೊಂದಲಗೊಂಡ ಹುಡುಗನಿಗೆ ನಾನಾಗಿದ್ದರೆ ಮೊದಲು ಈ ಕಥೆ ಹೇಳುತ್ತಿದ್ದೆ. ದೊಡ್ಡ ಸುದ್ದಿಯನ್ನು ಹೇಗೆ ಪರೀಕ್ಷಿಸಬೇಕು ಎಂದು ನಮ್ಮದೇ ರಾಜ್ಯದ ಕೆರೆಯಲ್ಲಿ ತೋರಿಸಿದ್ದಾರೆ.

ಈಗ ನಿಮ್ಮ ತರಗತಿ. ಮೆಥೂಸೆಲಾವನ್ನು ತೋರಿಸಬಹುದು. ಬರಿಗಣ್ಣಿಗೆ ಕಾಣುವುದಿಲ್ಲ, ಬೈನಾಕ್ಯುಲರ್‌ಗೆ ಸಿಗುತ್ತದೆ. ದೂರ ಸುಮಾರು 200 ಜ್ಯೋತಿರ್ವರ್ಷ. ಇರುವುದು ತುಲಾ ನಕ್ಷತ್ರಪುಂಜದಲ್ಲಿ, ನಮ್ಮ ವಿಶಾಖ ನಕ್ಷತ್ರದ ಆಸುಪಾಸಿನಲ್ಲಿ. ಆ ಪುಂಜದ ಅತಿ ಪ್ರಕಾಶದ ಬೀಟಾ ಲಿಬ್ರೆ ನಕ್ಷತ್ರದಿಂದ ಪೂರ್ವಕ್ಕೆ ಆರೂವರೆ ಡಿಗ್ರಿ ಸರಿದರೆ ಅಲ್ಲಿದೆ. ಸಾಧಾರಣ ಬೈನಾಕ್ಯುಲರ್‌ನ ಒಂದು ನೋಟದಗಲ ಅಷ್ಟೇ. ‘ಸ್ಟೆಲ್ಲೇರಿಯಂ’ ಎಂಬ ಉಚಿತ ತಂತ್ರಾಂಶದಲ್ಲಿ ಪಟ್ಟಿಯ ಹೆಸರು ಹಾಕಿ ಮೊದಲೇ ನಕ್ಷೆ ನೋಡಿಕೊಳ್ಳಿ. ಏಪ್ರಿಲ್ ಕೊನೆಯಿಂದ ಮೇ ತನಕ ಒಳ್ಳೆಯದು, ಆಮೇಲೆ ಮಳೆಮೋಡ. ಬೇಸಿಗೆ ರಜೆ ಬರುವುದರಿಂದ ಊರಲ್ಲೇ ಇರುವ ಮಕ್ಕಳನ್ನು ಮಾತ್ರ ಸೇರಿಸಬೇಕಾಗಬಹುದು. ಒಂದು ಎಚ್ಚರಿಕೆ: ಕಾಣುವುದು ಬರೀ ಒಂದು ಸಣ್ಣ ಚುಕ್ಕೆ. ಮುಂಚೆಯೇ ಹೇಳದಿದ್ದರೆ ಮಕ್ಕಳಿಗೆ ನಿರಾಸೆ ಆಗುತ್ತದೆ. ಇದು ಕ್ಷೀರಪಥದ ಹೊರವಲಯದಿಂದ ಬಂದ ಅತಿಥಿ, ಸುಮಾರು 1600 ವರ್ಷಕ್ಕೆ ಹುಣ್ಣಿಮೆ ಚಂದ್ರನ ಅಗಲದಷ್ಟು ಜರುಗುತ್ತದೆ ಎಂದು ಹೇಳಿ. ಆಗ ಚುಕ್ಕೆಯನ್ನು ಬೇರೆ ಥರ ನೋಡುತ್ತಾರೆ.

ದಾನಿಗಳ ದೂರದರ್ಶಕದ ಬಗ್ಗೆ: ‘500 ಪಟ್ಟು ದೊಡ್ಡದು ಮಾಡುತ್ತದೆ’ ಎಂದು ಡಬ್ಬದ ಮೇಲೆ ಬರೆದ, ಅಲುಗಾಡುವ ಕಾಲಿನ ಸಣ್ಣ ದೂರದರ್ಶಕ ಬೇಡ. ಅಂಥದ್ದು ಎರಡು ತಿಂಗಳಿಗೆ ಬೀರು ಸೇರುತ್ತದೆ. 10×50 ಬೈನಾಕ್ಯುಲರ್ ಎರಡು ಮೂರು ಕೊಡಿಸಿ ಎಂದು ಕೇಳಿ, ಏಕಕಾಲಕ್ಕೆ ಹಲವು ಮಕ್ಕಳು ನೋಡಬಹುದು. ಹಣ ಇನ್ನೂ ಇದ್ದರೆ 6 ಅಥವಾ 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ದೂರದರ್ಶಕ) ಒಳ್ಳೆಯದು. ಆದರೆ ಅದನ್ನು ಹೊತ್ತು ತಂದು, ಒರೆಸಿ, ಕಾಪಾಡುವವರು ಒಬ್ಬರು ಶಾಲೆಯಲ್ಲಿ ಇರಬೇಕು.

ದೂರದರ್ಶಕ ಬರುವ ಮುಂಚೆಯೇ ಖರ್ಚಿಲ್ಲದೆ ಮಾಡಬಹುದಾದದ್ದು ಒಂದಿದೆ. ಹಳೆಯ ಡಿವಿಡಿಯ ತುಂಡು, ರಟ್ಟಿನ ಡಬ್ಬ, ಎರಡು ಬ್ಲೇಡ್‌ಗಳ ಅಂಚಿನಿಂದ ಮಾಡಿದ ಕೂದಲೆಳೆಯಷ್ಟು ಸಣ್ಣ ಸೀಳು, ಇಷ್ಟರಲ್ಲಿ ರೋಹಿತದರ್ಶಕ ಆಗುತ್ತದೆ. ಬ್ಲೇಡ್ ಅಂಟಿಸುವ ಕೆಲಸ ನೀವೇ ಮಾಡಿ. ಅದನ್ನು ಸೂರ್ಯನ ಕಡೆ ನೇರವಾಗಿ ಹಿಡಿಯಲು ಯಾರಿಗೂ ಬಿಡಬೇಡಿ, ಕಣ್ಣು ಹೋಗುತ್ತದೆ. ಬಿಸಿಲು ಬಿದ್ದ ಬಿಳಿ ಹಾಳೆಯ ಕಡೆ ಹಿಡಿದರೆ ಸಾಕು. ಸೀಳು ಸಣ್ಣಗಿದ್ದರೆ ಬಣ್ಣಗಳ ನಡುವೆ ಸೋಡಿಯಂ, ಮೆಗ್ನೀಸಿಯಂಗಳ ಕಪ್ಪು ಗೆರೆಗಳು ಕಾಣುತ್ತವೆ. ‘ಸೂರ್ಯನಲ್ಲಿ ಲೋಹ ಇದೆ’ ಎಂಬುದನ್ನು ಮಕ್ಕಳು ತಮ್ಮ ಕಣ್ಣಾರೆ ನೋಡಿದಂತಾಯಿತು. ಮೆಥೂಸೆಲಾದಲ್ಲಿ ಇವೇ ಗೆರೆಗಳು ತೀರ ತೆಳುವಾಗಿರುತ್ತವೆ ಎಂದು ಆಗ ಹೇಳಿ.

ಆ ವಿಡಿಯೊವನ್ನು ‘ಸುಳ್ಳು, ನೋಡಬೇಡಿ’ ಎಂದು ತಳ್ಳಿಹಾಕಬೇಡಿ. ಹುಡುಗ ಮುಂದಿನ ಸಲ ನಿಮಗೆ ತೋರಿಸುವುದನ್ನೇ ಬಿಟ್ಟುಬಿಟ್ಟಾನು. ಕರಿಹಲಗೆ ಮೇಲೆ ಅವನ ಕೈಯಲ್ಲೇ ಒಂದು ಗೆರೆ ಎಳೆಸಿ 1380 ಗುರುತು ಮಾಡಿಸಿ. ಆಮೇಲೆ 1446 ಮತ್ತು ಅದರ ಎರಡೂ ಕಡೆ 80, 1200 ಮತ್ತು ಅದರ ಎರಡೂ ಕಡೆ 50 ಬರೆಸಿ. ವಿಡಿಯೊ ಏನನ್ನು ಬಿಟ್ಟಿತು ಎಂದು ಅವನೇ ತರಗತಿಗೆ ಹೇಳಲಿ.